ಹಳದಿ ಚೀಟಿ

ತಂಗಿ ತೀರಿಕೊಂಡ ಸುದ್ದಿ ಬಂದಾಗ ಫಾರಂ ಮಾವ ಅವಳ ಮಗಳ ಬೂಟಿಗೆ ಪಾಲಿಷ್ ಹಚ್ಚುತ್ತಿದ್ದರು. ಬೆಳಗಿನ ಆರು ಗಂಟೆಗೆ ಇನ್ನೂ ಐದು ನಿಮಿಷವಿತ್ತು. ಅಡುಗೆಮನೆಯ ಕಟ್ಟೆಯ ಮೇಲಿದ್ದ ಫೋನು ಗುರುಗುಟ್ಟಿತು. ಎಡಗೈಯನ್ನು ಬೂಟಿನೊಳಗೆ ಇಟ್ಟುಕೊಂಡೇ ಬಲಗೈಯಿಂದ ಅದನ್ನು ಎತ್ತಿ ಕಿವಿಗಿಟ್ಟರು. ಆ ಕಡೆ ಇದ್ದವಳು ತಂಗಿಯ ಜೊತೆ ಮಾತ್ರೆಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಗೆಳತಿ. ಕಂಡವರ ಮೇಲೆಲ್ಲ ರೇಗುವ ಸ್ವಭಾವದವಳಾದ್ದರಿಂದ ತಂಗಿ ಅವಳನ್ನು ಸಿಡುಕಿ ಎಂದೇ ಕರೆಯುತ್ತಿದ್ದಳು. ಅವಳೂ ಅದಕ್ಕೆ ಓಗೊಡುತ್ತಿದ್ದಳು. ರೋಗಿಯ ಬಳಿ ರಾತ್ರಿ ಒಬ್ಬರನ್ನು ಮಾತ್ರ ಬಿಡುತ್ತಿದ್ದುದರಿಂದ, ಹುಡುಗಿ ಓದಿಕೊಳ್ಳಲಿ ಎಂದು, ಆ ವಾರವೆಲ್ಲ ಸಿಡುಕಿಯೇ ಆಸ್ಪತ್ರೆಯಲ್ಲಿ ಉಳಿದಿದ್ದಳು.

"ಅಣ್ಣ, ಹೋಗ್ಬಿಟ್ಳು," ಎಂದಳು. "ಐದೂ ಮುಕ್ಕಾಲಿಗೆ. ನೀರು ಬೇಕು ಅಂದ್ಳು. ಲೋಟ ತೊಳ್ಕೊಂಡು ಬರೋಷ್ಟರಲ್ಲಿ ಮುಗಿದೇ ಹೋಯ್ತು."

ಫಾರಂ ಮಾವ ಬೂಟನ್ನು ಕೈಯಿಂದ ತೆಗೆದು ನೆಲದ ಮೇಲಿಟ್ಟರು. ಕಣ್ಣು ಮುಚ್ಚಿ ದೇವರನ್ನು ನೆನೆದರು. ಕಣ್ಣು ತೆರೆದವರು ಗೋಡೆಯ ಗಡಿಯಾರವನ್ನು ನೋಡಿದರು. ಮೊದಲನೆಯದು ಅಣ್ಣನ ಕೆಲಸ. ಎರಡನೆಯದು ಮೂವತ್ತೊಂದು ವರ್ಷ ಕಾಲೇಜಿನ ಪ್ರವೇಶ ವಿಭಾಗದಲ್ಲಿ ಸವೆದ ಕಣ್ಣುಗಳ ಕೆಲಸ. ಅಂದು ಹನ್ನೊಂದು ಗಂಟೆಗೆ ಹುಡುಗಿಗೆ ಅದೇ ಕಾಲೇಜಿನಲ್ಲಿ ಸಂದರ್ಶನವಿತ್ತು.

"ಹುಡುಗಿಗೆ ನೀನು ಹೇಳ್ಬೇಡ, ನಾನು ಹೇಳ್ತೀನಿ," ಎಂದರು. "ಅವಳು ಫೋನ್ ಮಾಡಿದ್ರೆ ಅಮ್ಮ ಮಲಗಿದ್ದಾಳೆ ಅನ್ನು."

"ಮಲಗಿದ್ದಾಳೆ ಅನ್ನಲಾ?"

"ಹನ್ನೆರಡು ಗಂಟೆವರೆಗೆ ಅಷ್ಟೆ."

ಎಂದೂ ಬಾಯಿ ಮುಚ್ಚದ ಹೆಂಗಸು ಆ ಒಂದು ಬೆಳಗ್ಗೆ ಸುಮ್ಮನಾದಳು. ಅವಳು ಆಗ ರೇಗಿ ಬೈದಿದ್ದರೆ ಎಷ್ಟೋ ಜನಕ್ಕೆ ಒಳ್ಳೆಯದಾಗುತ್ತಿತ್ತು.

ಫಾರಂ ಮಾವನಿಗೆ ಆ ಹೆಸರು ಬಂದದ್ದು ಕೆಲಸದಿಂದ ನಿವೃತ್ತರಾದ ಮೇಲೆ. ಹನ್ನೊಂದು ವರ್ಷದಿಂದ ಬೀದಿಯ ಮಕ್ಕಳ ಅರ್ಜಿಗಳೆಲ್ಲ ಅವರ ಮೇಜಿನ ಮೇಲೆಯೇ ತುಂಬುತ್ತಿದ್ದವು. ಅರ್ಜಿಯ ಕಾಲ ಬಂತೆಂದರೆ ಮೆಟ್ಟಿಲ ಮೇಲೆ ಅಪ್ಪಂದಿರು ಮಕ್ಕಳ ತೋಳು ಹಿಡಿದುಕೊಂಡು ಸಾಲು ನಿಲ್ಲುತ್ತಿದ್ದರು. ಅವರು ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಒಳಗಿನ ವಿಷಯ ಅರೆದು ಕುಡಿದವರೆಂಬ ಹೆಸರೇ ಅವರಿಗೆ ಸಾಕಾಗಿತ್ತು.

"ಹವ್ಯಾಸ ಅನ್ನೋ ಕಡೆ ಓದುವುದು ಅಂತ ಬರೀಬೇಡ," ಎನ್ನುತ್ತಿದ್ದರು. "ನೂರಕ್ಕೆ ತೊಂಬತ್ತು ಜನ ಅದನ್ನೇ ಬರೀತಾರೆ. ಕೊನೇಗೆ ಓದಿದ ಪುಸ್ತಕ ಯಾವುದಮ್ಮ ಅಂದ್ರೆ ಪಾಠದ ಪುಸ್ತಕದ ಹೆಸರು ಹೇಳ್ತಾರೆ. ಮನೇಲಿ ಕೆಟ್ಟ ಇಸ್ತ್ರಿಪೆಟ್ಟಿಗೆ ಬಿಚ್ಚಿ ನೋಡಿದ್ದೀಯಾ? ಅದನ್ನ ಬರಿ. ಸರಿ ಹೋಗ್ಲಿಲ್ಲ ಅಂತಾನೂ ಬರಿ. ಸರಿ ಹೋಗದ್ದನ್ನ ಬರೆಯೋರು ಯಾರೂ ಇಲ್ಲ."

"ಚಿಕ್ಕಂದಿನಿಂದ ನನ್ನ ಕನಸು ಎಂದು ಶುರುವಾದ ಪತ್ರ ಕಂಡ್ರೆ ನಾವು ಕಟ್ಟಿನ ತಳಕ್ಕೆ ಹಾಕ್ತಿದ್ವಿ. ಕನಸು ಕಂಡೋರು ಮಲಗಿರಲಿ ಅಂತ."

"ಊಟ ಆದ್ಮೇಲೆ ನಿನ್ನ ಸರದಿ ಬಂದ್ರೆ ಜೋರಾಗಿ ಮಾತಾಡು. ಅರ್ಧ ಸಮಿತಿ ತೂಕಡಿಸ್ತಿರುತ್ತೆ."

"ಕೇಳಿದ್ದು ತಿಳೀಲಿಲ್ಲ ಅಂದ್ರೆ ಗಾಬರಿ ಬೀಳ್ಬೇಡ. ನಗುಮುಖದಿಂದ, ಕ್ಷಮಿಸಿ, ಇನ್ನೊಂದು ಸಲ ಹೇಳ್ತೀರಾ ಅನ್ನು. ಅದಕ್ಕೇ ಒಂದು ಅಂಕ ಇದೆ."

ಈ ಮಾತುಗಳನ್ನು ಕೇಳಿ ಸೀಟು ಪಡೆದವರು ಬೀದಿಯಲ್ಲಿ ಮನೆಗೊಬ್ಬರಿದ್ದರು.

ಆದರೆ ಯಾರಿಗೂ ಹೇಳದ ಗುಟ್ಟೊಂದು ಅವರ ಬಳಿ ಇತ್ತು. ಅದು ಹಳದಿ ಚೀಟಿ. ಹಿಂದೆಲ್ಲ ಸಂದರ್ಶನಕ್ಕೆ ಬಂದ ಮಕ್ಕಳು ಮನೆಯ ಕಷ್ಟ ಹೇಳಿಕೊಂಡು ಅಳುತ್ತಿದ್ದರು. ಮೇಷ್ಟ್ರುಗಳಿಗೆ ಮುಜುಗರ, ವಿಭಾಗಕ್ಕೆ ಹೊತ್ತು ಹಾಳು. ಫಾರಂ ಮಾವ ಸೂಪರಿಂಟೆಂಡೆಂಟ್ ಆದ ವರ್ಷ ಇದಕ್ಕೊಂದು ದಾರಿ ಕಂಡುಹಿಡಿದರು. ಕಷ್ಟವಿರುವ ಮಕ್ಕಳ ಕಡತದ ಮೂಲೆಗೆ ಒಂದು ಹಳದಿ ಚೀಟಿ ಚುಚ್ಚಿ, ಅದರ ಮೇಲೆ ಒಂದೇ ಸಾಲು ಬರೆಸುತ್ತಿದ್ದರು. ತಂದೆ ಹಾಸಿಗೆ ಹಿಡಿದಿದ್ದಾರೆ. ಮನೆ ಸುಟ್ಟುಹೋಗಿದೆ. ಸಮಿತಿಯವರು ಅದನ್ನು ಓದಿಕೊಂಡು, ಮಕ್ಕಳೆದುರು ಆ ಮಾತೇ ಎತ್ತದೆ, ತಾವಾಗಿ ಒಂದಿಷ್ಟು ಅಂಕ ಹೆಚ್ಚು ಹಾಕುತ್ತಿದ್ದರು. ಇದು ಎಲ್ಲಿಯೂ ಬರೆದಿಟ್ಟ ನಿಯಮವಲ್ಲ. ಆದರೆ ಅವರ ಕಾಲದಲ್ಲಿ ಒಬ್ಬರೂ ಮೀರಿದವರಿಲ್ಲ. ಕಾಯಿಲೆಗೆ ಎರಡು ಅಂಕ, ಸಾವಿಗೆ ಐದು ಎಂಬುದು ವಿಭಾಗದಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಬಾಯಿಬಿಟ್ಟು ಆಡದ ಲೆಕ್ಕವಾಗಿತ್ತು.

ಹುಡುಗಿಗೆ ಲಿಖಿತ ಪರೀಕ್ಷೆಯಲ್ಲಿ ಸೀಟಿಗೆ ಮೂರು ಅಂಕ ಕಡಿಮೆ ಬಿದ್ದಿತ್ತು. ತಾಯಿಯ ಕಾಯಿಲೆಗೆ ಎರಡೇ. ಫಾರಂ ಮಾವ ಆ ಒಂದು ಅಂಕಕ್ಕಾಗಿ ಹತ್ತು ದಿನದಿಂದ ತಲೆ ಕೆಡಿಸಿಕೊಂಡಿದ್ದರು.

ಈಗ ಆ ಲೆಕ್ಕ ಸರಿಹೋಯಿತು. ಅಡುಗೆಮನೆಯಲ್ಲಿ ನಿಂತಿದ್ದವರಿಗೆ ಇದು ಹೊಳೆದಾಗ ಮೈಯೆಲ್ಲ ಜುಮ್ಮೆಂದಿತು. ತಮ್ಮ ಬಗ್ಗೆಯೇ ಹೇಸಿಗೆಯೂ ಆಯಿತು. ಹೇಸಿಗೆ ಬೇಗ ಇಳಿಯಿತು.

ತಂಗಿಯ ಗಂಡ ಮಗಳು ತೊಟ್ಟಿಲಲ್ಲಿದ್ದಾಗಲೇ ಮನೆ ಬಿಟ್ಟು ಹೋದವನು, ತಿರುಗಿ ನೋಡಿರಲಿಲ್ಲ. ಹದಿನಾಲ್ಕು ವರ್ಷ ಅವಳು ಕಾರ್ಖಾನೆಯಲ್ಲಿ ನಿಂತೇ ಮಾತ್ರೆಯ ಹಾಳೆಗಳನ್ನು ಪೆಟ್ಟಿಗೆಗೆ ತುಂಬಿದ್ದಳು. "ಆ ಮಾತ್ರೆ ಒಳಗೆ ಏನಿದೆ ಅಂತ ನನಗಂತೂ ತಿಳೀಲಿಲ್ಲ ಅಣ್ಣ, ಇವಳಿಗಾದ್ರೂ ತಿಳೀಲಿ," ಎನ್ನುತ್ತಿದ್ದಳು. ಹುಡುಗಿ ಔಷಧಶಾಸ್ತ್ರಕ್ಕೆ ಅರ್ಜಿ ಹಾಕಿದ್ದು ಅದಕ್ಕೇ. ಹಿಂದಿನ ಸಂಜೆ ಆಸ್ಪತ್ರೆಯಲ್ಲಿ ಅಣ್ಣನ ಕೈ ಹಿಡಿದುಕೊಂಡು, "ಇವಳನ್ನ ಒಳಗೆ ಸೇರಿಸಿಬಿಡು. ಆಮೇಲೆ ನಾನೆಲ್ಲಿಗೆ ಹೋದ್ರೂ ಚಿಂತೆಯಿಲ್ಲ," ಎಂದಿದ್ದಳು. "ನಿನ್ನನ್ನ ಯಾರು ಕರೀತಾರೆ, ಸುಮ್ನೆ ಬಿದ್ಕೋ," ಎಂದು ಅವರು ಹಾಸ್ಯ ಮಾಡಿದ್ದರು. ತಂಗಿಯ ಆ ಮಾತನ್ನೇ ಈಗ ಅವರು ಅಪ್ಪಣೆಯೆಂದು ಹಿಡಿದರು. ಮನುಷ್ಯನಿಗೆ ಬೇಕಾದಾಗ ಸತ್ತವರ ಮಾತು ಎಷ್ಟು ಬೇಗ ಅಪ್ಪಣೆಯಾಗುತ್ತದೆ!

ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು.

"ರೀ, ಅದಿನ್ನೂ ಮಗು. ಎಬ್ಬಿಸಿ ಹೇಳ್ಬಿಡಿ."

"ಹೇಳಿದ್ರೆ ಅವಳು ಕಾಲೇಜಿಗೆ ಬರಲ್ಲ."

"ಬರದಿದ್ರೆ ಬೇಡ! ಅವಳಮ್ಮ ಅಲ್ಲಿ ಒಬ್ಬಳೇ ಬಿದ್ದಿದ್ದಾಳೆ."

"ಅವಳಮ್ಮ ಇನ್ನೆಲ್ಲಿಗೂ ಹೋಗಲ್ಲ. ಐದಾರು ಗಂಟೆ ತಾನೇ."

ಹೆಂಡತಿ ಅವರ ಮುಖವನ್ನು ದಿಟ್ಟಿಸಿ ನೋಡಿದರು. "ನೀವು ಮನುಷ್ಯರೋ ಅರ್ಜಿಯೋ ನನಗೆ ಗೊತ್ತಾಗ್ತಿಲ್ಲ," ಎಂದು ಹೇಳಿ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದರು. ನೀರಿನ ಸದ್ದಿನಲ್ಲಿ ಅವರು ಅತ್ತದ್ದು ಕೇಳಿಸಲಿಲ್ಲ.

ಫಾರಂ ಮಾವ ಹಿತ್ತಲಿಗೆ ಹೋಗಿ ಶಿಷ್ಯನಿಗೆ ಫೋನ್ ಮಾಡಿದರು. ಅವರ ಕೈಕೆಳಗೆ ಗುಮಾಸ್ತನಾಗಿ ಸೇರಿದವನು ಈಗ ಅದೇ ವಿಭಾಗದ ಸೂಪರಿಂಟೆಂಡೆಂಟ್. ಅವನನ್ನು ಅವರು ಇನ್ನೂ ಶಿಷ್ಯ ಎಂದೇ ಕರೆಯುತ್ತಿದ್ದರು.

"ಅಯ್ಯೋ ಸಾರ್! ದೇವರು ಅವರಿಗೆ ಒಳ್ಳೇ ಗತಿ ಕೊಡಲಿ," ಎಂದ ಶಿಷ್ಯ. "ಆದ್ರೆ ಇವತ್ತೇ ಯಾಕೆ ಸಾರ್? ಈಗ ನಿಯಮ ಬದಲಾಗಿದೆ. ಮನೇಲಿ ಸಾವಾದ್ರೆ ಬೇರೆ ದಿನ ಕೊಡ್ತಾರೆ. ಒಂದು ಅರ್ಜಿ ಬರ್ಕೊಟ್ರೆ ಸಾಕು."

"ಬೇರೆ ದಿನ ಬಂದೋರಿಗೆ ಏನ್ ಉಳಿದಿರುತ್ತೆ ಅಂತ ನನಗೆ ಹೇಳ್ಕೊಡ್ತೀಯೇನಯ್ಯಾ? ತಳದಲ್ಲಿ ಉಳಿದಿದ್ದನ್ನ ಹಂಚಿದ ಕೈ ಇದು."

"ಈಗ ಹಾಗಿಲ್ಲ ಸಾರ್. ಸೀಟು ತೆಗೆದಿಡ್ತಾರೆ."

"ತೆಗೆದಿಡೋದೆಲ್ಲ ಕಾಗದದ ಮೇಲೆ. ನೀನು ಚೀಟಿ ಹಾಕು. ತಾಯಿ ಇಂದು ಬೆಳಗ್ಗೆ ತೀರಿಕೊಂಡಿದ್ದಾರೆ. ಅಷ್ಟೇ ಬರಿ. ಇನ್ನೊಂದಕ್ಷರ ಬೇಡ."

"ಹುಡುಗಿಗೆ ಗೊತ್ತಾ ಸಾರ್?"

"ಅವಳಿಗ್ಯಾಕೆ ಗೊತ್ತಾಗ್ಬೇಕು? ಗೊತ್ತಾದ್ರೆ ಬಾಯಿ ಬಿಡ್ತಾಳಾ? ಅವಳು ಧೈರ್ಯವಾಗಿ ಮಾತಾಡ್ಲಿ, ಸಮಿತಿಗೆ ಗೊತ್ತಿರಲಿ. ಎರಡೂ ಕಡೆ ಗೆಲ್ತೀವಿ."

"ಆಯ್ತು ಸಾರ್, ನೀವು ಹೇಳಿದ ಮೇಲೆ," ಎಂದ ಶಿಷ್ಯ.

ಹುಡುಗಿ ಆರೂವರೆಗೆ ಎದ್ದಳು. ಗದ್ದದ ಮೇಲೆ ಕಪ್ಪು ಮಚ್ಚೆಯಿದ್ದುದರಿಂದ ಮನೆಯಲ್ಲಿ ಅವಳಿಗೆ ಚುಕ್ಕಿ ಎಂದು ಹೆಸರು. ಹಿಂದಿನ ತಿಂಗಳಷ್ಟೇ ಹದಿನೆಂಟು ತುಂಬಿತ್ತು. ಬೂಟು ಎತ್ತಿ ಬೆಳಕಿಗೆ ಹಿಡಿದು, "ಮಾವ, ಇದರಲ್ಲಿ ನನ್ನ ಮುಖ ಕಾಣ್ತಿದೆ. ಸಮಿತಿಯವರು ಮೇಲೆ ನೋಡ್ತಾರೋ ಕೆಳಗೋ?" ಎಂದು ನಕ್ಕಳು.

"ಕಾಲು ನೋಡೋ ಮೇಷ್ಟ್ರು ಒಬ್ಬರಿದ್ದಾರೆ. ಹಾಸ್ಯ ಮಾಡ್ಬೇಡ."

"ಅತ್ತೆ ಕಣ್ಣು ಯಾಕೆ ಕೆಂಪಗಿದೆ?"

"ಸೋಪು ಬಿತ್ತು ಕಣೇ," ಎಂದರು ಅತ್ತೆ, ತಟ್ಟೆಯ ಮೇಲಿಂದ ತಲೆಯೆತ್ತದೆ.

ಹುಡುಗಿ ಎರಡು ಬ್ರೆಡ್ಡು ತಿಂದು ಸಾಕೆಂದಳು. ಫಾರಂ ಮಾವ ಮೂರನೆಯದಕ್ಕೆ ತಾವೇ ಬೆಣ್ಣೆ ಸವರಿ ತಟ್ಟೆಗೆ ಹಾಕಿದರು. "ಹಸಿದ ಹೊಟ್ಟೇಲಿ ದನಿ ನಡುಗುತ್ತೆ, ತಿನ್ನು," ಎಂದರು. ಅವಳು ಮುಖ ಸಿಂಡರಿಸಿಕೊಂಡು ತಿಂದಳು. ಅತ್ತೆ ಎದ್ದು ಹೊರಗೆ ಹೋದರು.

ಬಸ್ಸು ಆಸ್ಪತ್ರೆಯ ಮುಂದೆಯೇ ಹಾದುಹೋಗುತ್ತಿತ್ತು. ಎರಡು ನಿಲ್ದಾಣ ಮೊದಲೇ ಹುಡುಗಿ ಎದ್ದು ನಿಂತಳು.

"ಮಾವ, ಐದೇ ಐದು ನಿಮಿಷ. ಮುಖ ತೋರಿಸಿ ಬರ್ತೀನಿ. ಈ ಅಂಗಿ ಅಮ್ಮ ನೋಡೇ ಇಲ್ಲ."

"ಡಾಕ್ಟರು ಸುತ್ತು ಬರೋ ಹೊತ್ತು. ಒಳಗೆ ಬಿಡಲ್ಲ. ಕೂತ್ಕೋ."

ಅವಳು ಕೂತು ತಾಯಿಯ ಫೋನಿಗೆ ಕರೆ ಮಾಡಿದಳು. ಅದು ಸಿಡುಕಿಯ ಕೈಯಲ್ಲಿತ್ತು. ಫಾರಂ ಮಾವ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡರು.

"ಅಕ್ಕ, ಅಮ್ಮಂಗೆ ಕೊಡಿ... ಮಲಗಿದ್ದಾಳಾ? ಸರಿ, ಎಬ್ಬಿಸ್ಬೇಡಿ. ಮೂಗಿನ ನಳಿಗೆ ಕಿತ್ಕೊಂಡಿಲ್ಲ ತಾನೇ? ನಿನ್ನೆ ಎರಡು ಸಲ ಎಳೆದಿದ್ಳು." ಆ ಕಡೆಯ ಮಾತು ಕೇಳಿ ಅವಳ ಮುಖ ಅರಳಿತು. ಫೋನನ್ನು ಎದೆಗೊತ್ತಿಕೊಂಡು ಮಾವನ ಕಡೆ ತಿರುಗಿದಳು. "ಮಾವ, ನಳಿಗೆ ತೆಗೆದುಬಿಟ್ರಂತೆ! ಇನ್ನು ಬೇಕಾಗಿಲ್ಲ ಅಂದ್ರಂತೆ!"

"ಒಳ್ಳೇದಾಯ್ತು," ಎಂದರು ಫಾರಂ ಮಾವ.

ಆ ಮಾತು ಅವರ ಬಾಯಿಂದ ಹೇಗೆ ಬಂತೋ ದೇವರೇ ಬಲ್ಲ.

ಆಸ್ಪತ್ರೆಯ ನಿಲ್ದಾಣದಲ್ಲಿ ಬಸ್ಸು ನಿಂತಿತು. ಯಾರೋ ಮುದುಕರು ಇಳಿಯಲು ತಡಮಾಡಿದರು. ಹುಡುಗಿ ಕಿಟಕಿಯ ಗಾಜು ಸರಿಸಿ, ಮೂರನೇ ಮಹಡಿಯ ಎಡಗಡೆಯ ಕಿಟಕಿಯನ್ನು ಹುಡುಕಿ, ಕೈ ಹೊರಗೆ ಹಾಕಿ ಬೀಸಿದಳು. ತಿರುವಿನಲ್ಲಿ ಆಸ್ಪತ್ರೆ ಮರೆಯಾಗುವವರೆಗೂ ಬೀಸುತ್ತಲೇ ಇದ್ದಳು.

ಕಾಲೇಜಿನ ಆ ಮೊಗಸಾಲೆ ಫಾರಂ ಮಾವನಿಗೆ ಸ್ವಂತ ಮನೆಯಂತೆ. ಗೋಡೆಗೆ ಹಸಿರು ಬಣ್ಣ ಬಳಿದಿದ್ದರು. ಬೆಂಚುಗಳು ಮಾತ್ರ ಹಳೆಯವೇ. ಸಂದರ್ಶನದ ಕೋಣೆಯ ಬಾಗಿಲಿಗೆ, ಒಳಗೆ ತಂತಿಯ ಬಲೆಯಿದ್ದ ಚೌಕ ಗಾಜು. ಅದರ ಎದುರಿನ ಬೆಂಚಿನಲ್ಲಿ ಎಲ್ಲಿ ಕೂತರೆ ಒಳಗಿನದೆಲ್ಲ ಕಾಣುತ್ತದೆಂಬುದು ಅವರಿಗೆ ಗೊತ್ತಿತ್ತು. ಅಲ್ಲೇ ಕೂತರು. ಹುಡುಗಿಯ ಕಾಲರು ಸರಿಮಾಡಿ ಕಿವಿಯಲ್ಲಿ ಕಡೆಯ ಮಾತು ಹೇಳಿದರು: "ನಿಮ್ಮಮ್ಮನ ಕಾರ್ಖಾನೆ ಮಾತು ಬೇಗ ತೆಗಿ. ಅಮ್ಮನ ಬಗ್ಗೆ ಹೆಮ್ಮೆಯಿಂದ ಮಾತಾಡು."

"ಅದನ್ನೂ ಹೇಳ್ಕೊಡ್ಬೇಕಾ ಮಾವ?" ಎಂದಳು ಹುಡುಗಿ.

ಶಿಷ್ಯ ಕಡತಗಳ ಕಟ್ಟು ಹಿಡಿದು ಬಂದವನು ಅವರ ಮುಖ ನೋಡದೆ ಒಳಗೆ ಹೋದ. ಮೇಲಿನ ಕಡತದ ಮೂಲೆಯಲ್ಲಿ ಹಳದಿ ಚೀಟಿಯಿತ್ತು. ಹೊರಗೆ ಬಂದವನನ್ನು ಫಾರಂ ಮಾವ ತಡೆದರು.

"ಅಧ್ಯಕ್ಷರ ಪಕ್ಕ ಕೂತಿರೋ ಹೆಂಗಸು ಯಾರು?"

"ಹೊಸ ಮೇಡಂ ಸಾರ್. ಹೋದ ವರ್ಷ ಬೇರೆ ಕಾಲೇಜಿಂದ ಬಂದ್ರು. ತುಂಬ ಒಳ್ಳೆಯವರು."

ಒಳ್ಳೆಯವರು ಎಂಬ ಮಾತು ಕೇಳಿ ಅವರಿಗೆ ನೆಮ್ಮದಿಯಾಯಿತು. ಹನ್ನೊಂದು ವರ್ಷದಲ್ಲಿ ಸಮಿತಿಯ ಮೂವರಲ್ಲಿ ಇಬ್ಬರು ಬದಲಾಗಿದ್ದರು. ಚೀಟಿ ಉಳಿದಿತ್ತು; ಚೀಟಿಯ ಮಾತು ಎತ್ತಬಾರದೆಂಬುದನ್ನು ಹೊಸಬರಿಗೆ ಹೇಳಿಕೊಡುವವರು ಯಾರೂ ಉಳಿದಿರಲಿಲ್ಲ. ಇದು ಅವರಿಗೆ ಹೊಳೆಯಲೇ ಇಲ್ಲ. ಬಿಟ್ಟುಬಂದ ಕುರ್ಚಿಯ ಸುತ್ತ ಎಲ್ಲವೂ ತಾನು ಇಟ್ಟ ಹಾಗೆಯೇ ಇದೆಯೆಂದು ಅವರು ನಂಬಿದ್ದರು.

ಹುಡುಗಿ ಒಳಗೆ ಹೋಗಿ, ಹೇಳಿಕೊಟ್ಟ ಹಾಗೆಯೇ ಕುರ್ಚಿ ಸದ್ದಾಗದಂತೆ ಎಳೆದು, ಕೈಗಳು ಕಾಣುವಂತೆ ಕೂತಳು. ಕಾಲು ನೋಡುವ ಮೇಷ್ಟ್ರು ಕಾಲು ನೋಡಿದರು. ಅಧ್ಯಕ್ಷರು ಏನೋ ಕೇಳಿದರು. ಹುಡುಗಿ ಕೈಯಾಡಿಸುತ್ತ ಮಾತಾಡಿದಳು. ಪೆಟ್ಟಿಗೆಗೆ ಮಾತ್ರೆಯ ಹಾಳೆ ತುಂಬುವುದನ್ನು ಬೆರಳುಗಳಿಂದ ತೋರಿಸಿದಳು. ಮೇಷ್ಟ್ರು ನಕ್ಕರು. ಫಾರಂ ಮಾವನ ಎದೆಯುಬ್ಬಿತು. ಒಳಗಿನದು ಒಂದಕ್ಷರವೂ ಕೇಳಿಸದಿದ್ದರೂ ಅಂಕಗಳು ಬೀಳುತ್ತಿರುವುದು ಅವರಿಗೆ ಕಾಣುತ್ತಿತ್ತು.

ಆಗ ಹೊಸ ಮೇಡಂ ಕಡತ ಎಳೆದುಕೊಂಡು ಚೀಟಿ ಓದಿದರು. ಕನ್ನಡಕ ತೆಗೆದರು. ಇನ್ನೊಮ್ಮೆ ಓದಿದರು. ಆಮೇಲೆ ಕುರ್ಚಿಯಿಂದ ಎದ್ದರು.

ಸಂದರ್ಶನದ ನಡುವೆ ಸಮಿತಿಯವರು ಎದ್ದದ್ದನ್ನು ಫಾರಂ ಮಾವ ಮೂವತ್ತೊಂದು ವರ್ಷದಲ್ಲಿ ಕಂಡವರಲ್ಲ. ಅವರೂ ಎದ್ದು ನಿಂತರು. ಮೇಡಂ ಮೇಜು ಸುತ್ತಿಕೊಂಡು ಬಂದು ಹುಡುಗಿಯ ಹೆಗಲ ಮೇಲೆ ಕೈಯಿಟ್ಟು, ಬಗ್ಗಿ ಏನೋ ಹೇಳಿದರು. ಹುಡುಗಿ ಮುಖವೆತ್ತಿ ಅವರನ್ನು ನೋಡಿದಳು. ಮುಖದಲ್ಲಿ ನಗುವಿತ್ತು. ಅಂದವಾದ, ಕಲಿತ ನಗು. ತುಟಿಗಳು ಅಲ್ಲಾಡಿದವು. ಏನು ಹೇಳಿದಳೆಂದು ಫಾರಂ ಮಾವನಿಗೆ ಗಾಜಿನಾಚೆಯಿಂದಲೇ ತಿಳಿಯಿತು. ಆ ಮಾತು ಅವರದೇ.

ಮೇಡಂ ಇನ್ನೊಂದು ಸಲ ಹೇಳಿದರು.

ನಗು ಕೂಡಲೇ ಹೋಗಲಿಲ್ಲ. ಅದನ್ನು ಎಲ್ಲಿಡಬೇಕೆಂದು ತಿಳಿಯದವಳಂತೆ ಹುಡುಗಿ ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡಿದ್ದಳು. ಮೇಡಂ ಅಧ್ಯಕ್ಷರ ಕಡೆ ತಿರುಗಿದರು, ಅಧ್ಯಕ್ಷರು ಚೀಟಿಯನ್ನು ನೋಡಿದರು, ಮೇಷ್ಟ್ರು ನೀರಿನ ಲೋಟ ಮುಂದೆ ತಳ್ಳಿದರು. ಈ ಹುಡುಗಿಗೆ ಗೊತ್ತಿರಲಿಲ್ಲವೆಂಬುದು ಆ ಕೋಣೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಗಳಿಗೆ ತಡವಾಗಿ ತಿಳಿಯಿತು.

ಅವಳು ಹೊರಗೆ ಬಂದಾಗ ಅಳುತ್ತಿರಲಿಲ್ಲ.

"ಎಷ್ಟು ಗಂಟೆಗೆ?" ಎಂದಳು.

"ಚುಕ್ಕಿ, ಮೊದಲು ಕೂತ್ಕೋಮ್ಮ..."

"ಎಷ್ಟು ಗಂಟೆಗೆ ಮಾವ?"

"ಐದೂ ಮುಕ್ಕಾಲು."

"ನಾನೆದ್ದಿದ್ದು ಆರೂವರೆಗೆ." ಅವಳು ಪಾಠ ಒಪ್ಪಿಸುವವಳಂತೆ ಒಂದೊಂದೇ ಹೇಳತೊಡಗಿದಳು. "ಬ್ರೆಡ್ಡು ತಿಂದೆ. ಸಾಕು ಅಂದೆ, ನೀವು ಇನ್ನೊಂದು ಹಾಕಿದ್ರಿ. ಬೂಟಿನ ವಿಷಯಕ್ಕೆ ನಕ್ಕೆ. ಬಸ್ಸಲ್ಲಿ ಕಿಟಕಿಗೆ ಕೈ ಬೀಸಿದೆ. ನೀವು ಪಕ್ಕದಲ್ಲಿ ಕೂತು ನೋಡ್ತಿದ್ರಿ."

"ನಿಮ್ಮಮ್ಮನ ಆಸೆ ಅದೊಂದೇ ಆಗಿತ್ತು. ಅದಕ್ಕೋಸ್ಕರ..."

"ನಳಿಗೆ ತೆಗೆದ್ರಂತೆ ಅಂದಾಗ ಒಳ್ಳೇದಾಯ್ತು ಅಂದ್ರಿ."

ಬೆಂಚಿನ ಮೇಲಿದ್ದ ಬೇರೆ ಮಕ್ಕಳೂ ಅವರ ಅಪ್ಪ ಅಮ್ಮಂದಿರೂ ಇವರ ಕಡೆ ತಿರುಗಿದ್ದರು. ಫಾರಂ ಮಾವನಿಗೆ ಆ ಗಳಿಗೆಯಲ್ಲೂ ದನಿ ತಗ್ಗಿಸಬೇಕೆನಿಸಿತು. "ಇಲ್ಲಿ ಬೇಡ ಚುಕ್ಕಿ. ಸಮಿತಿಯವರು ಕೇಳಿಸ್ಕೊಳ್ತಾರೆ," ಎಂದರು.

ಹುಡುಗಿ ಅವರನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಕ್ಷಮಿಸಿ, ಇನ್ನೊಂದು ಸಲ ಹೇಳ್ತೀರಾ ಅಂತ ಕೇಳಿದೆ ಮಾವ. ನಗ್ತಾ ಕೇಳಿದೆ," ಎಂದು ಹೇಳಿ ಮೆಟ್ಟಿಲಿಳಿದು ಹೋದಳು. ಅವರು ಬೀದಿಗೆ ಬರುವಷ್ಟರಲ್ಲಿ ಅವಳು ಬಾಡಿಗೆ ಕಾರು ಹತ್ತಿಯಾಗಿತ್ತು.

ಫಾರಂ ಮಾವ ಬಸ್ಸಿನಲ್ಲಿ ಆಸ್ಪತ್ರೆ ತಲುಪಿದಾಗ ಹನ್ನೆರಡೂವರೆ. ಶವ ಬಿಟ್ಟುಕೊಡುವ ಕಚೇರಿ ನೆಲಮಾಳಿಗೆಯಲ್ಲಿತ್ತು. ಒಂದು ಕಿಂಡಿ, ಅದರ ಹಿಂದೆ ಒಬ್ಬ ಗುಮಾಸ್ತ. ಹುಡುಗಿ ಕಿಂಡಿಯ ಕಟ್ಟೆಯ ಮೇಲೆ ಬಗ್ಗಿ ಫಾರಂ ತುಂಬುತ್ತಿದ್ದಳು. ಸಿಡುಕಿ ಪಕ್ಕದಲ್ಲಿ ನಿಂತು ಅವಳ ಬೆನ್ನು ಸವರುತ್ತಿದ್ದಳು.

"ಮನೇಲಿ ಹಿರಿಯರು ಯಾರೂ ಇಲ್ವೇನಮ್ಮ? ಇನ್ನೊಬ್ಬರ ಸಹಿ ಬೇಕು," ಎಂದ ಗುಮಾಸ್ತ.

ಫಾರಂ ಮಾವ ಮುಂದೆ ಬಂದರು. ಅಭ್ಯಾಸಬಲದಿಂದ ಕೈ ಜೇಬಿನ ಪೆನ್ನಿಗೆ ಹೋಯಿತು. "ನಾನಿದ್ದೀನಿ, ಕೊಡಿ," ಎಂದರು.

"ಇವರು ಯಾರು?" ಎಂದು ಗುಮಾಸ್ತ ಹುಡುಗಿಯನ್ನು ಕೇಳಿದ.

ಹುಡುಗಿ ಬರೆಯುವುದನ್ನು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಕಾಲೇಜಿನ ಕಡೆಯವರು," ಎಂದಳು.

"ಹಾಗಾದ್ರೆ ಆಚೆ ನಿಂತ್ಕೊಳ್ಳಿ. ಸಂಬಂಧಿಕರಿಗೆ ಮಾತ್ರ."

ನಾನು ತೀರಿಕೊಂಡವಳ ಒಡಹುಟ್ಟಿದ ಅಣ್ಣ, ಅವಳಿಗೆ ನಡೆಯಲು ಕಲಿಸಿದವನು ನಾನು ಎಂದು ಹೇಳಲು ಫಾರಂ ಮಾವ ಬಾಯಿ ತೆರೆದರು. ಸಿಡುಕಿ ಅವರನ್ನು ನೋಡುತ್ತಿದ್ದಳು. ಬೆಳಗ್ಗೆ ಅವಳ ಬಾಯಿಗೆ ಬೀಗ ಹಾಕಿದವರು ಅವರೇ. ಈಗ ಅವಳು ಅವರ ಪರವಾಗಿ ತೆರೆಯಲೊಲ್ಲಳು. ಫಾರಂ ಮಾವ ಆಚೆ ಹೋಗಿ ಗೋಡೆಗೊರಗಿ ನಿಂತರು. ಎರಡನೆಯ ಸಹಿಯನ್ನು ಸಿಡುಕಿ ಹಾಕಿದಳು. ಮುಕ್ಕಾಲು ಗಂಟೆಯ ಮೇಲೆ ತಂಗಿಯನ್ನು ಅವರ ಮುಂದೆಯೇ ತಳ್ಳಿಕೊಂಡು ಹೋದರು, ಮುಖ ಮುಚ್ಚಿತ್ತು. ಒಂದು ಸಲ ತೆಗೆಯಿರಿ ಎಂದು ಅವರು ಕೇಳಲಿಲ್ಲ.

ಹದಿನೈದು ದಿನಕ್ಕೆ ಪಟ್ಟಿ ಬಂತು. ಶಿಷ್ಯ ಫೋನ್ ಮಾಡಿದ. "ಸಾರ್, ಸಂದರ್ಶನದಲ್ಲಿ ಇಪ್ಪತ್ತಕ್ಕೆ ಇಪ್ಪತ್ತು! ಇಷ್ಟು ವರ್ಷದಲ್ಲಿ ಯಾರಿಗೂ ಬಂದಿಲ್ಲ. ಚೀಟಿಯ ಐದಲ್ಲ ಸಾರ್, ಆಮೇಲೆ ಆಯ್ತಲ್ಲ, ಅದಕ್ಕೇ ಅನ್ಸುತ್ತೆ." ತಾನೇನು ಹೇಳಿದೆನೆಂದು ಹೊಳೆದು ತಡವರಿಸಿದ. "ಹುಡುಗಿ ಬಂದು ಸೇರಿದಳು ಸಾರ್. ಹಾಸ್ಟೆಲಿಗೂ ಬರ್ಕೊಟ್ಟಿದ್ದಾಳೆ. ಪೋಷಕರು ಅನ್ನೋ ಕಡೆ ಯಾರೋ ಕಾರ್ಖಾನೆಯ ಹೆಂಗಸಿನ ಹೆಸರು ಬರ್ದಿದ್ದಾಳೆ. ತಿದ್ದಿಸ್ಬೇಕಾ ಸಾರ್?"

"ಬೇಡ," ಎಂದರು ಫಾರಂ ಮಾವ.

"ಇನ್ನೊಂದು ವಿಷಯ. ಹೊಸ ಮೇಡಂ ಪ್ರಿನ್ಸಿಪಾಲರಿಗೆ ಬರೆದಿದ್ರು. ಹಳದಿ ಚೀಟಿ ನಿಲ್ಲಿಸಿಬಿಟ್ರು ಸಾರ್."

ಬೀದಿಯವರಿಗೆ ಇದರಲ್ಲಿ ಅರ್ಧ ಮಾತ್ರ ಮುಟ್ಟಿತು. ಫಾರಂ ಮಾವ ತಂಗಿಯ ಮಗಳಿಗೆ ಇಪ್ಪತ್ತಕ್ಕೆ ಇಪ್ಪತ್ತು ಕೊಡಿಸಿದರಂತೆ, ಏನೋ ಚೀಟಿಯಂತೆ, ಸಾವಾದರೆ ಒಳ್ಳೆ ಅಂಕವಂತೆ. ಮೆಟ್ಟಿಲ ಮೇಲೆ ಸಾಲು ಎರಡರಷ್ಟಾಯಿತು.

"ಮಾವ, ನಮ್ಮ ಮನೇಲಿ ಯಾರೂ ಸತ್ತಿಲ್ಲವಲ್ಲ, ಏನ್ ಮಾಡೋದು?" ಎಂದ ಪಾತ್ರೆ ಅಂಗಡಿಯವನು, ಮಗನನ್ನು ಮುಂದೆ ನಿಲ್ಲಿಸಿಕೊಂಡು. ಹಾಸ್ಯ ಮಾಡುತ್ತಿದ್ದಾನೆಯೇ ಎಂದು ಫಾರಂ ಮಾವ ಅವನ ಮುಖ ನೋಡಿದರು. ಅವನು ನಗುತ್ತಿದ್ದ, ಆದರೆ ಉತ್ತರಕ್ಕೆ ಕಾಯುತ್ತಲೂ ಇದ್ದ.

"ನಮ್ಮಜ್ಜಿಗೆ ತೊಂಬತ್ತೆರಡು," ಎಂದಳು ಹಿಂದೆ ನಿಂತಿದ್ದ ಒಬ್ಬ ತಾಯಿ. "ಕೊನೇ ದಿನಾಂಕ ಯಾವಾಗ ಮಾವ?"

ಸಾಲಿನಲ್ಲಿದ್ದವರೆಲ್ಲ ಘೊಳ್ಳೆಂದು ನಕ್ಕರು. ಒಳಗೆ ಅವರ ಹೆಂಡತಿ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಆಕೆ ಈಗ ಗಂಡನಿಗೆ ಹೊತ್ತು ಹೊತ್ತಿಗೆ ಊಟ ಬಡಿಸುತ್ತಿದ್ದರು, ಬಟ್ಟೆ ಒಗೆದು ಮಡಚಿಡುತ್ತಿದ್ದರು, ಮಾತು ಮಾತ್ರ ಆಡುತ್ತಿರಲಿಲ್ಲ.

ಫಾರಂ ಮಾವ ಸಾಲಿನವರಿಗೆಲ್ಲ ಹೋಗಿ ಎಂದರು. ಇವತ್ತು ಮೈ ಸರಿಯಿಲ್ಲವೆಂದು ತಿಳಿದು ಅವರು ಮರುದಿನ ಬಂದರು. ಮರುದಿನವೂ ಹೋಗಿ ಎಂದರು. ಮೂರನೆಯ ದಿನ ಬಾಗಿಲು ತೆರೆಯಲಿಲ್ಲ. ಒಳಗಿನ ವಿಷಯ ಗೊತ್ತಿದ್ದೂ ಹೇಳಲೊಲ್ಲದ ಹೊಟ್ಟೆಕಿಚ್ಚಿನ ಮುದುಕ ಎಂದು ಬೀದಿ ಅವರನ್ನು ಬೈದುಕೊಂಡಿತು. ತಂಗಿ ಮಗಳಿಗೆ ಆಯ್ತಲ್ಲ, ಇನ್ನು ನಮ್ಮ ಮಕ್ಕಳು ಯಾಕೆ ಬೇಕು ಎಂದಿತು. ಫಾರಂ ಮಾವ ಒಂದು ಸಲ ಕಾಲೇಜಿನ ಹಾಸ್ಟೆಲಿನವರೆಗೆ ನಡೆದುಹೋಗಿ, ಕಾವಲಿನವನು ಯಾರನ್ನು ಕಾಣಬೇಕೆಂದು ಕೇಳಿದಾಗ ಹೆಸರು ಹೇಳದೆ ಹಿಂತಿರುಗಿದರು.

ಈಗ ದಿನವೂ ಬೆಳಕು ಹರಿಯುವ ಮೊದಲೇ ಅವರಿಗೆ ಎಚ್ಚರವಾಗುತ್ತದೆ. ಮುಖ ತೊಳೆದು ಮೇಜಿನ ಮುಂದೆ ಕೂರುತ್ತಾರೆ. ಅದರ ಮೇಲೆ ಈಗ ಕಾಗದವಿಲ್ಲ. ಕೈ ಜೋಡಿಸಿ, ಹೆಂಡತಿಗೆ ಎಚ್ಚರವಾಗದಷ್ಟು ಮೆಲ್ಲಗೆ ಹೇಳುತ್ತಾರೆ:

"ದೇವರೇ, ನನ್ನ ತಂಗಿ ನಿನ್ನ ಹತ್ತಿರ ಬಂದಿದ್ದಾಳೆ. ಅವಳ ಪರವಾಗಿ ನಾನೇನೂ ಹೇಳುವುದಿಲ್ಲ. ನನ್ನ ಮಾತು ಸೇರಿದರೆ ಅವಳಿಗೆ ಕೆಟ್ಟದಾದೀತು. ಅವಳ ಬದುಕನ್ನು ನೀನೇ ನೋಡಿದ್ದೀ. ಯಾರಿಗೂ ಕೇಡು ಬಯಸಿದವಳಲ್ಲ. ದುಡಿದು ಕಾಲು ಊದಿಸಿಕೊಂಡಿದ್ದಳು, ಸ್ವಲ್ಪ ವಿಶ್ರಾಂತಿ ಕೊಡು. ಅವಳ ಮಗಳು ಯಾರ ಹಂಗೂ ಇಲ್ಲದೆ ಬಾಳಲಿ. ನನ್ನನ್ನು ಕ್ಷಮಿಸು ಎಂದು ಇವತ್ತು ಕೇಳುವುದಿಲ್ಲ. ಅವಳ ಆತ್ಮಕ್ಕೆ ಶಾಂತಿ ಕೊಡು. ಅವಳಿಗೆ ಶಾಂತಿ ಕೊಡು, ದೇವರೇ."